ಕಡ್ಮತ್ ದ್ವೀಪದಲ್ಲಿ ಎರಡು ಮಳೆಗಾಲ ಕಂಡ ಹ್ಯಾಂಡಲ್ ರೇಡಿಯೋ

ಮೊದಲೇ ಹೇಳಿಬಿಡುತ್ತೇನೆ, ಈ ರೇಡಿಯೋಗೆ ನಾನು ಕೊಡುವುದು ಐದಕ್ಕೆ ಮೂರು ನಕ್ಷತ್ರ. ಕೊಂಡ ತಿಂಗಳಲ್ಲೇ ಬರೆದಿದ್ದರೆ ಎರಡು ಕೊಡುತ್ತಿದ್ದೆ. ಕಳೆದ ವರ್ಷ ನಮ್ಮ ಟವರ್ ಕೈಕೊಟ್ಟ ವಾರ ಬರೆದಿದ್ದರೆ ಐದೂ ಕೊಟ್ಟು ಕಂಪನಿಗೆ ಹೂವಿನ ಹಾರ ಕಳಿಸುತ್ತಿದ್ದೆ. ಹಾಗಾಗಿ ಕಾದು ಕೂತು, ಎರಡು ಮಳೆಗಾಲ ಮುಗಿದ ಮೇಲೆ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹಾಕುವುದಿಲ್ಲ. ಇದೇ ಅಚ್ಚಿನ ಡಬ್ಬಿ ಹತ್ತಾರು ಹೆಸರಲ್ಲಿ ಸಿಗುತ್ತದೆ. ಸ್ಟಿಕ್ಕರ್ ಬೇರೆ, ಬಣ್ಣ ಬೇರೆ, ಒಳಗೆ ಎಲ್ಲಾ ಒಂದೇ. 'ಎಮರ್ಜೆನ್ಸಿ ರೇಡಿಯೋ' ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳುತ್ತದಲ್ಲ, ಅದು. ಇಟ್ಟಿಗೆಗಿಂತ ಸ್ವಲ್ಪ ಚಿಕ್ಕದು. ಬದಿಯಲ್ಲಿ ಮಡಚುವ ಹ್ಯಾಂಡಲ್, ತಲೆಯ ಮೇಲೆ ಅಂಗೈ ಅಗಲದ ಸೋಲಾರ್ ಪ್ಲೇಟು, ಮುಂದೆ ಟಾರ್ಚು, ಹಿಂದೆ ಫೋನ್ ಚಾರ್ಜ್ ಮಾಡಲು ಒಂದು ತೂತು. ಎಫ್‌ಎಂ, ಮೀಡಿಯಂ ವೇವ್, ಶಾರ್ಟ್ ವೇವ್ ಮೂರೂ ಇದೆ. 2024ರ ಏಪ್ರಿಲ್‌ನಲ್ಲಿ ರಜೆಗೆ ಊರಿಗೆ ಬಂದಾಗ ಮಲ್ಪೆಯ ಮನೆಗೆ ತರಿಸಿಕೊಂಡೆ. 2,350 ರೂಪಾಯಿ ಆಯಿತು. ಬಟ್ಟೆ ಮಧ್ಯೆ ಸುತ್ತಿ ಬ್ಯಾಗಿನಲ್ಲಿ ಹಾಕಿಕೊಂಡು ಕೊಚ್ಚಿಯಿಂದ ಹಡಗು ಹತ್ತಿದೆ.

ನಾನು ಇರುವುದು ಲಕ್ಷದ್ವೀಪದ ಕಡ್ಮತ್‌ನಲ್ಲಿ. ಗುತ್ತಿಗೆದಾರರೊಬ್ಬರ ಕೈಕೆಳಗೆ ಪಂಪು, ಮೋಟಾರು ನೋಡಿಕೊಳ್ಳುವ ಕೆಲಸ. 2023ರ ಅಕ್ಟೋಬರ್‌ನಲ್ಲಿ ಬಂದವನು ಇನ್ನೂ ಇಲ್ಲೇ ಇದ್ದೇನೆ. ದ್ವೀಪ ಪಡುವಲಕಾಯಿ ತರಹ ಉದ್ದಕ್ಕಿದೆ. ಆ ತುದಿಯಿಂದ ಈ ತುದಿಗೆ ಸುಮಾರು 9 ಕಿಲೋಮೀಟರ್, ಅಗಲ ಮಾತ್ರ ಅರ್ಧ ಕಿಲೋಮೀಟರ್ ಆಸುಪಾಸು. ಕೆಲವು ಕಡೆ ರಸ್ತೆ ಮಧ್ಯೆ ನಿಂತರೆ ಎರಡೂ ಬದಿಯ ಸಮುದ್ರದ ಸದ್ದು ಕೇಳುತ್ತದೆ. 2011ರ ಜನಗಣತಿಯಲ್ಲಿ ಇಲ್ಲಿದ್ದವರು 5,404 ಜನ. ಇಡೀ ಲಕ್ಷದ್ವೀಪದಲ್ಲೇ ಆಗ ಇದ್ದದ್ದು 64,473 ಜನ, ಅದೂ ಹತ್ತು ದ್ವೀಪಗಳಲ್ಲಿ ಹಂಚಿಹೋಗಿ. ನಕ್ಷೆಯಲ್ಲಿ ಗೆರೆ ಎಳೆದರೆ ಇಲ್ಲಿಂದ ಮಂಗಳೂರಿಗೆ 300 ಕಿಲೋಮೀಟರ್ ಕೂಡ ಇಲ್ಲ. ಬೆಂಗಳೂರು–ಮಂಗಳೂರು ಬಸ್ಸಿನ ದಾರಿಗಿಂತ ಕಡಿಮೆ. ಆದರೆ ಮಧ್ಯೆ ಒಂದು ಚಹಾ ಅಂಗಡಿ ಇಲ್ಲ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, ಇವೆಲ್ಲಾ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ತೆಂಗಿನ ನಾರು, ಕೊಬ್ಬರಿ ಹೇರಿಕೊಂಡ ಓಡಗಳು ಮಂಗಳೂರಿನ ಧಕ್ಕೆಗೆ ಬರುತ್ತಿದ್ದವು, ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. ಸುದ್ದಿ ಬರುತ್ತಿದ್ದದ್ದೂ ಅದೇ ಓಡದಲ್ಲಿ. ಮಳೆಗಾಲ ಶುರುವಾದರೆ ಓಡ ಇಲ್ಲ, ಸುದ್ದಿಯೂ ಇಲ್ಲ. ನಾನು ಉಡುಪಿ ಕಡೆಯವನು ಅಂದ ಕೂಡಲೇ ಇಲ್ಲಿನ ವಯಸ್ಸಾದ ಒಬ್ಬರು 'ಮಂಗಳೂರಾ?' ಅಂತ ಎದ್ದು ಕೂತರು, ನೆಂಟರ ಮನೆ ಹೆಸರು ಕೇಳಿದ ಹಾಗೆ. ಅವರಾಡುವ ಜಸರಿ, ಅಂದರೆ ದ್ವೀಪದ ಮಲಯಾಳಂ, ನನಗೆ ಅರ್ಧ ಅರ್ಥವಾಗುತ್ತದೆ. ಚಿಕ್ಕಂದಿನಲ್ಲಿ ಬ್ಯಾರಿ ಗೆಳೆಯರ ಜೊತೆ ಬೆಳೆದದ್ದು ಹೀಗೆ ಉಪಯೋಗಕ್ಕೆ ಬಂತು.

ಸರಿ, ರೇಡಿಯೋ ಯಾಕೆ ಕೊಂಡೆ? ಪಕ್ಕದ ಮನೆಯ ಇಕ್ಕಾನ ಮಗ ಕೂಡ ನಗುತ್ತಾ ಇದನ್ನೇ ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. 2024ರ ಜನವರಿ 3ರಂದು ಕೊಚ್ಚಿಯಿಂದ ಸಮುದ್ರದಡಿ ಎಳೆದ ಫೈಬರ್ ಕೇಬಲ್ ಉದ್ಘಾಟನೆ ಆಯಿತು. ಅಲ್ಲಿಯವರೆಗೆ ಇಡೀ ಲಕ್ಷದ್ವೀಪ ಉಪಗ್ರಹದ ಮೇಲೆ ಬದುಕಿತ್ತು. ಎಲ್ಲಾ ದ್ವೀಪಕ್ಕೂ ಸೇರಿ ನೆಟ್ ವೇಗ 1.7 ಜಿಬಿಪಿಎಸ್. ಅದು 200 ಆಗುತ್ತದೆ ಅಂತ ಅವತ್ತು ಹೇಳಿದರು. ಕೇಬಲ್‌ಗೆ ಮುಂಚಿನ ಮೂರು ತಿಂಗಳು ನಾನು ಇಲ್ಲಿದ್ದೆ, ಅದಕ್ಕೇ ವ್ಯತ್ಯಾಸ ಗೊತ್ತು. ಆಗ ಮನೆಗೆ ಫೋನ್ ಮಾಡುವುದೇ ಒಂದು ಕಸರತ್ತು. ಉಪಗ್ರಹ ಇರುವುದು 36,000 ಕಿಲೋಮೀಟರ್ ಮೇಲೆ. ಮಾತು ಅಲ್ಲಿಗೆ ಹತ್ತಿ ಇಳಿಯಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡು. ಅಮ್ಮ 'ಊಟ ಆಯ್ತಾ?' ಅಂತ ಕೇಳುತ್ತಾಳೆ. ನಾನು 'ಆಯ್ತು' ಅನ್ನುತ್ತೇನೆ. ಅದು ತಲುಪುವಷ್ಟರಲ್ಲಿ ಅವಳು 'ಕೇಳ್ತಿದ್ಯಾ?' ಅಂದಿರುತ್ತಾಳೆ. ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡುತ್ತೇವೆ, ಒಟ್ಟಿಗೆ ಸುಮ್ಮನಾಗುತ್ತೇವೆ. ಕೇಬಲ್ ಬಂದ ಮೇಲೆ ಆ ಗೋಳು ಹೋಯಿತು. ಹುಡುಗರು ರಾತ್ರಿಯಿಡೀ ಕ್ರಿಕೆಟ್ ನೋಡುತ್ತಾರೆ. ಹಾಗಿದ್ದ ಮೇಲೆ ರೇಡಿಯೋ ಯಾಕೆ, ಅಲ್ವಾ?

ನನ್ನ ತಲೆಯಲ್ಲಿ ಇದ್ದದ್ದು ಪೆಸಿಫಿಕ್ ಸಾಗರದ ದ್ವೀಪ ದೇಶ ಟೊಂಗಾ. 2022ರ ಜನವರಿ 15ರಂದು ಅಲ್ಲಿ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿಯಿತು. ಫಿಜಿಯಿಂದ ಬರುವ ಅವರ ಒಂದೇ ಒಂದು ಕೇಬಲ್ ತುಂಡಾಯಿತು. ಸುಮಾರು ಒಂದು ಲಕ್ಷ ಜನರ ದೇಶ ಇದ್ದಕ್ಕಿದ್ದಂತೆ ಮೌನ. ಹೊರಗಿರುವ ಮಕ್ಕಳಿಗೆ ಅಪ್ಪ ಅಮ್ಮ ಬದುಕಿದ್ದಾರಾ ಅಂತ ಕೂಡ ಗೊತ್ತಿಲ್ಲ. ಮುಖ್ಯ ದ್ವೀಪದ ಕೇಬಲ್ ಸರಿಯಾಗಲು ಐದು ವಾರ ಹಿಡಿಯಿತು. ಉತ್ತರದ ವವಾವು ದ್ವೀಪಕ್ಕೆ ಹೋಗುವ ಒಳಗಿನ ಕೇಬಲ್‌ಗೆ ಒಂದೂವರೆ ವರ್ಷ ಬೇಕಾಯಿತು. ಮೋಟಾರು ರಿಪೇರಿ ಮಾಡುವವನಿಗೆ ಇಂಥದ್ದು ಓದಿದರೆ ನಿದ್ದೆ ಬರುವುದಿಲ್ಲ. ಸ್ಟ್ಯಾಂಡ್‌ಬೈ ಪಂಪು ಇಲ್ಲದ ಕಡೆ ನಾನು ಕೆಲಸವನ್ನೇ ಒಪ್ಪಿಕೊಳ್ಳುವುದಿಲ್ಲ. ಹಾಗಾಗಿ ಸುದ್ದಿಗೂ ಒಂದು ಸ್ಟ್ಯಾಂಡ್‌ಬೈ ಅಂತ ಈ ರೇಡಿಯೋ.

ಈಗ ಒಂದೊಂದೇ ನೋಡೋಣ.

ಎಫ್‌ಎಂ ಇಲ್ಲಿ ಲೆಕ್ಕಕ್ಕಿಲ್ಲ. ಎಫ್‌ಎಂ ಅಲೆ ಕಣ್ಣಿಗೆ ಕಾಣುವಷ್ಟು ದೂರಕ್ಕಿಂತ ಸ್ವಲ್ಪ ಮುಂದೆ ಹೋಗಿ ಸುಸ್ತಾಗುತ್ತದೆ. ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಎಳೆದರೂ ಬರೀ ಸೂ ಅನ್ನುವ ಸದ್ದು. ಆದರೆ ಈ ವರ್ಷ ಮಾರ್ಚ್‌ನ ಒಂದು ರಾತ್ರಿ, ಎಲೆ ಅಲುಗದಷ್ಟು ಸೆಕೆ ಇದ್ದಾಗ, ಸುಮ್ನೆ ತಿರುಗಿಸುತ್ತಾ ಕೂತವನಿಗೆ ಮಂಗಳೂರಿನ ಚಿನ್ನದಂಗಡಿಯ ಜಾಹೀರಾತು ಕೇಳಿಸಿತು. ತುಳುವಿನಲ್ಲಿ! ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದಷ್ಟು ಸ್ಪಷ್ಟ. ಬೇಸಿಗೆಯಲ್ಲಿ ಸಮುದ್ರದ ಮೇಲೆ ಬಿಸಿ ಗಾಳಿಯ ಪದರ ಕೂತರೆ ಅಲೆಗಳು ಅದರ ಕೆಳಗೆ ಪೈಪಿನೊಳಗೆ ನೀರು ಹೋದ ಹಾಗೆ ನೂರಾರು ಕಿಲೋಮೀಟರ್ ಜಾರಿ ಬರುತ್ತವೆ. ಇಪ್ಪತ್ತು ನಿಮಿಷ ಇತ್ತು, ಆಮೇಲೆ ಮಾಯ. ಇದಕ್ಕೆ ನಕ್ಷತ್ರ ಕೊಡಬೇಕಾದರೆ ರೇಡಿಯೋಗಲ್ಲ, ಸೆಕೆಗೆ.

ಶಾರ್ಟ್ ವೇವ್ ಹೆಸರಿಗಷ್ಟೇ. ಸಂಜೆ ನಾಲ್ಕಾರು ದೇಶ ಕೇಳಿಸುತ್ತವೆ. ನನಗೆ ಬೇಕಾದದ್ದು ಒಂದೂ ಇಲ್ಲ. ಮುಳ್ಳು ಬೇರೆ ತಾನಾಗೇ ಜರುಗುತ್ತದೆ.

ಮೀಡಿಯಂ ವೇವ್ ಬಗ್ಗೆ ಮಾತ್ರ ಸ್ವಲ್ಪ ಕೂತು ಹೇಳಬೇಕು. ದುಡ್ಡು ಕೊಟ್ಟದ್ದಕ್ಕೆ ಸಾರ್ಥಕ ಆದದ್ದು ಅಲ್ಲೇ. ಹಗಲು ಹೊತ್ತಿನಲ್ಲಿ ಆಕಾಶದ ಕೆಳಗಿನ ಪದರ ಈ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ದೂರಕ್ಕೆ ಇಳಿಯುತ್ತವೆ. ಇಲ್ಲಿ ಸಂಜೆ ಏಳಕ್ಕೆ ಆಕಾಶವಾಣಿಯ ಬೆಂಗಳೂರು 612 ಕಿಲೋಹರ್ಟ್ಸ್, ಧಾರವಾಡ 765 ಎರಡೂ ಎದ್ದು ಬರುತ್ತವೆ. ನನ್ನ ಡಬ್ಬಿಯಲ್ಲಿ ಮುಳ್ಳು ತೋರಿಸುವುದು ಮಾತ್ರ 650 ಮತ್ತು 800. ಅಂಕಿ ಬರೆದವನು ಕಣ್ಣು ಮುಚ್ಚಿ ಬರೆದಿರಬೇಕು. ನಾನು ಸರಿಯಾದ ಜಾಗಕ್ಕೆ ನೇಲ್ ಪಾಲಿಶ್ ಚುಕ್ಕಿ ಇಟ್ಟುಕೊಂಡಿದ್ದೇನೆ. ಕೆಂಪು ಚುಕ್ಕಿ ಬೆಂಗಳೂರು, ಎರಡು ಚುಕ್ಕಿ ಧಾರವಾಡ. ನೇಲ್ ಪಾಲಿಶ್ ಎಲ್ಲಿಂದ ಬಂತು ಅಂತ ಕೇಳಬೇಡಿ, ಇಕ್ಕಾನ ಮನೆಯಿಂದ ಸಾಲ.

ಕೊಳ್ಳುವವರಿಗೆ ಒಂದು ಕಿವಿಮಾತು. ಮೀಡಿಯಂ ವೇವ್‌ಗೆ ಆ ಉದ್ದದ ಏರಿಯಲ್ ಎಳೆದು ಪ್ರಯೋಜನವಿಲ್ಲ. ಎಲ್ಲರೂ ಮಾಡುವುದು ಅದನ್ನೇ. ಈ ಅಲೆಯನ್ನು ಹಿಡಿಯುವುದು ಡಬ್ಬಿಯೊಳಗೆ ಅಡ್ಡಲಾಗಿ ಮಲಗಿರುವ ಕಪ್ಪು ಫೆರೈಟ್ ಕಡ್ಡಿ, ಅದರ ಮೇಲೆ ಸುತ್ತಿದ ತಂತಿ. ಕಡ್ಡಿಯ ತುದಿ ಯಾವ ಕಡೆ ತಿರುಗಿದೆಯೋ ಆ ಕಡೆಯಿಂದ ಬರುವ ಸದ್ದು ಸಾಯುತ್ತದೆ. ಇದು ಗೊತ್ತಾದದ್ದು ಒಂದು ರಾತ್ರಿ ಜಗಲಿಯಲ್ಲಿ. ಎದುರು ಮನೆಯ ಎಲ್‌ಇಡಿ ಬಲ್ಬು ಗುಂಯ್ ಅನ್ನುತ್ತಾ ವಾರ್ತೆಯನ್ನು ನುಂಗುತ್ತಿತ್ತು. ರೇಡಿಯೋವನ್ನು ತಟ್ಟೆ ತರಹ ನಿಧಾನಕ್ಕೆ ತಿರುಗಿಸುತ್ತಾ ಹೋದೆ. ಡಬ್ಬಿಯ ಬಲಬದಿ ನೇರ ಆ ಬಲ್ಬಿನ ಕಡೆ ಬಂದಾಗ ಗುಂಯ್ ನಿಂತೇಹೋಯಿತು. ಅದರ ಹಿಂದಿನಿಂದ, ಬಾವಿಯ ತಳದಿಂದ ಎದ್ದು ಬಂದ ಹಾಗೆ, 'ಓದುತ್ತಿರುವವರು...' ಅಂತ ಕೇಳಿತು. ಎರಡು ಬೆರಳು ಆಚೀಚೆ ಮಾಡಿದರೆ ಮತ್ತೆ ಗುಂಯ್. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟೆ. ಈಗಲೂ ಅದೇ ಗುರುತಿನ ಮೇಲೆ ಇಡುತ್ತೇನೆ.

ಇದೇ ಮೀಡಿಯಂ ವೇವ್‌ನಿಂದ ಇನ್ನೊಂದು ಲಾಭ, ಪೆಟ್ಟಿಗೆ ಮೇಲೆ ಬರೆಯದೇ ಇರುವುದು. ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ಇಟ್ಟು ಬಿಡಿ. ದೂರದಲ್ಲಿ ಮಿಂಚು ಹೊಡೆದರೆ ಕರ್ರ್ ಅಂತ ಒಡೆಯುತ್ತದೆ. ಆಕಾಶ ಇನ್ನೂ ತಿಳಿಯಾಗೇ ಇರುತ್ತದೆ, ಮೋಡದ ಗುರುತೂ ಇರುವುದಿಲ್ಲ. ಕರ್ರ್ ಜಾಸ್ತಿಯಾಗುತ್ತಾ ಬಂದರೆ ಬಟ್ಟೆ ಒಳಗೆ ತೆಗೆದುಕೊಳ್ಳಿ. ನಮ್ಮ ಮಲ್ಪೆಯ ದೋಣಿಯವರಿಗೆ ಇದು ಹೊಸದಲ್ಲ.

ಹ್ಯಾಂಡಲ್‌ಗೆ ಬರುತ್ತೇನೆ. ಒಂದು ನಿಮಿಷ ಗರಗರ ತಿರುಗಿಸಿದರೆ ಹತ್ತು ಹನ್ನೆರಡು ನಿಮಿಷ ರೇಡಿಯೋ ಕೇಳಬಹುದು, ಸದ್ದು ಸಣ್ಣಗಿಟ್ಟರೆ. ವಾರ್ತೆಗೆ ಅಷ್ಟು ಸಾಕು. ಆದರೆ 'ತುರ್ತಿನಲ್ಲಿ ಫೋನ್ ಚಾರ್ಜ್ ಮಾಡಿ' ಅಂತ ಬರೆದಿದ್ದಾರಲ್ಲ, ಅದನ್ನು ನಂಬಬೇಡಿ. ನಾನು ಹತ್ತು ನಿಮಿಷ ಬಿಡದೆ ತಿರುಗಿಸಿದೆ. ಬೆವರು ಇಳಿಯಿತು, ಫೋನಿನಲ್ಲಿ ಒಂದು ಪರ್ಸೆಂಟ್ ಏರಿತು. ಆ ಒಂದು ಪರ್ಸೆಂಟ್ ಸ್ಕ್ರೀನ್ ನೋಡುವುದರಲ್ಲೇ ಖರ್ಚಾಯಿತು. ಸೋಲಾರ್ ಪ್ಲೇಟೂ ಅಷ್ಟಕ್ಕಷ್ಟೇ. ಏಪ್ರಿಲ್ ಬಿಸಿಲಿನಲ್ಲಿ ಬ್ಯಾಟರಿ ತುಂಬಲು ಎರಡು ದಿನ ಬೇಕಾಯಿತು. ಜೂನ್‌ನಲ್ಲಿ ಎರಡು ದಿನ ಬಿಸಿಲು ಎಲ್ಲಿಂದ ತರುವುದು?

ಟವರ್ ಹೋದ ಕಥೆ ಹೇಳದೆ ಈ ವಿಮರ್ಶೆ ಮುಗಿಯುವುದಿಲ್ಲ.

ಅದು 2024ರ ಮಳೆಗಾಲ. ಸಮುದ್ರದಡಿಯ ಕೇಬಲ್ ಸರಿಯಾಗೇ ಇತ್ತು. ಕೈಕೊಟ್ಟದ್ದು ನಮ್ಮ ಭಾಗದ ಟವರಿನ ಬ್ಯಾಟರಿ. ಕರೆಂಟು ಹೋದಾಗೆಲ್ಲಾ ಟವರೂ ಮಲಗುತ್ತಿತ್ತು, ಕೊನೆಗೆ ಏಳಲೇ ಇಲ್ಲ. ಹೊಸ ಬ್ಯಾಟರಿ ಹಡಗಿನಲ್ಲಿ ಬರಬೇಕು. ಹಡಗು ಯಾವಾಗ ಬರುತ್ತದೆ ಅಂತ ತಿಳಿಯಲು ನೆಟ್ ಬೇಕು. ನೆಟ್ ಬರಲು ಬ್ಯಾಟರಿ ಬೇಕು. ಇಕ್ಕಾ ಇದನ್ನು ಯಾರಿಗೋ ವಿವರಿಸುತ್ತಾ ಮಧ್ಯದಲ್ಲೇ ನಕ್ಕುಬಿಟ್ಟರು.

ಹೊರಗಿನವರಿಗೆ ಇಲ್ಲಿನ ಸುದ್ದಿಯ ಹಸಿವು ಎಂಥದ್ದು ಅಂತ ಅರ್ಥವಾಗುವುದು ಕಷ್ಟ. ದೆಹಲಿಯಲ್ಲಿ ಏನಾಯಿತು ಅಂತ ಒಂದು ವಾರ ತಿಳಿಯದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಇಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದೇ ಶಬ್ದ 'ಪ್ರೋಗ್ರಾಂ'. ಅಂದರೆ ಹಡಗಿನ ವೇಳಾಪಟ್ಟಿ. ಯಾವ ಹಡಗು, ಯಾವ ದಿನ, ಮೊದಲು ಯಾವ ದ್ವೀಪ, ಟಿಕೆಟ್ ಯಾವಾಗ ಬಿಡುತ್ತಾರೆ. ಮದುವೆಯ ದಿನ, ಆಸ್ಪತ್ರೆಯ ದಿನ, ಮಕ್ಕಳ ಪರೀಕ್ಷೆ, ತರಕಾರಿ, ಗ್ಯಾಸ್ ಸಿಲಿಂಡರ್, ಎಲ್ಲಾ ಅದಕ್ಕೆ ಕಟ್ಟಿಕೊಂಡಿದೆ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಣ್ಣ ಹಡಗು, ಮಂಚುಗಳಿಗೆ (ಸರಕು ಸಾಗಿಸುವ ಮರದ ಹಡಗು) ರಜೆ. ದೊಡ್ಡ ಹಡಗುಗಳ ಪ್ರೋಗ್ರಾಂ ಕೂಡ ಗಾಳಿಯ ಮರ್ಜಿಗೆ ತಕ್ಕಂತೆ ಬದಲಾಗುತ್ತದೆ. ಬಂದರೂ ಅಲೆ ಜಾಸ್ತಿ ಇದ್ದರೆ ದೂರದಲ್ಲೇ ನಿಲ್ಲುತ್ತದೆ. ಸಣ್ಣ ದೋಣಿಯಲ್ಲಿ ಹೋಗಿ, ಅಲೆ ಮೇಲೆದ್ದ ಗಳಿಗೆ ನೋಡಿ, ಹಡಗಿನ ಬದಿಯ ಬಾಗಿಲಿಗೆ ಕಾಲಿಡಬೇಕು. ಮೊದಲ ಸಲ ನನ್ನನ್ನು ಇಬ್ಬರು ಅಕ್ಕಿ ಮೂಟೆ ತರಹ ಎತ್ತಿ ಒಳಗೆ ಹಾಕಿದ್ದರು.

ಆ ವಾರ ಇಕ್ಕಾನ ತಾಯಿಗೆ ಕೊಚ್ಚಿಯಲ್ಲಿ ಕಣ್ಣಿನ ಆಪರೇಷನ್. ಪ್ರೋಗ್ರಾಂ ಪ್ರಕಾರ ಹಡಗು ಗುರುವಾರ. ಆದರೆ ಮಂಗಳವಾರದಿಂದಲೇ ಗಾಳಿ ಬೇರೆ ತರಹ ಬೀಸುತ್ತಿತ್ತು. ತೆಂಗಿನ ಗರಿಗಳು ಒಂದೇ ಕಡೆ ಬಾಚಿದ ತಲೆಯ ಹಾಗೆ ನಿಂತಿದ್ದವು. ಹಡಗು ಬರುತ್ತದಾ? ಮುದುಕಿ ಎರಡು ದಿನದಿಂದ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದಾರೆ. ಫೋನಿನಲ್ಲಿ ಹಳೆಯ ವಾಟ್ಸಾಪ್ ಮೆಸೇಜನ್ನೇ ಮತ್ತೆ ಮತ್ತೆ ತೆಗೆದು ನೋಡುತ್ತಾರೆ, ಅಕ್ಷರ ಬದಲಾಗಿರಬಹುದು ಅನ್ನುವ ಹಾಗೆ.

ಬುಧವಾರ ರಾತ್ರಿ ರೇಡಿಯೋವನ್ನು ಅವರ ಜಗಲಿಗೆ ಒಯ್ದೆ. ಹ್ಯಾಂಡಲ್ ತಿರುಗಿಸುವ ಕೆಲಸ ನಕ್ಕಿದ್ದ ಹುಡುಗನಿಗೇ ಕೊಟ್ಟೆ. ಗುಡುಗಿನ ಕರ್ರ್ ಮಧ್ಯೆ ಧಾರವಾಡ ಬಂತು, ಹೋಯಿತು, ಬಂತು. ವಾರ್ತೆಯ ಕೊನೆಗೆ ಹವಾಮಾನ. ಕರ್ನಾಟಕ, ಕೇರಳ, ಲಕ್ಷದ್ವೀಪದ ಕರಾವಳಿಯಲ್ಲಿ ಗಾಳಿ ಗಂಟೆಗೆ 45ರಿಂದ 55 ಕಿಲೋಮೀಟರ್, ಮೀನುಗಾರರು ಕಡಲಿಗೆ ಇಳಿಯಬಾರದು. ಕನ್ನಡ ಬರದ ಮನೆಯಲ್ಲಿ 'ಲಕ್ಷದ್ವೀಪ' ಅನ್ನುವ ಒಂದು ಶಬ್ದಕ್ಕೆ ಆರು ಜನ ಒಟ್ಟಿಗೆ ತಲೆ ಎತ್ತಿದರು. ನಾನು ಉಳಿದದ್ದನ್ನು ಹೇಳಿದೆ. ಮುದುಕಿ ಎದ್ದು ಹೋಗಿ ಪೆಟ್ಟಿಗೆಯಿಂದ ಪಾತ್ರೆ ಹೊರಗೆ ತೆಗೆದರು.

ಇಷ್ಟಕ್ಕೇ ರೇಡಿಯೋ ಗೆದ್ದಿತು ಅಂತ ಬರೆದರೆ ಸುಳ್ಳಾಗುತ್ತದೆ. ಹಡಗು ಶನಿವಾರ ಬಂತು. ಆ ಸುದ್ದಿ ಕೊಟ್ಟದ್ದು ರೇಡಿಯೋ ಅಲ್ಲ. ಜೆಟ್ಟಿಯಲ್ಲಿ ಒಂದು ವಿಎಚ್‌ಎಫ್ ಸೆಟ್ ಇದೆ, ಎರಡೂ ಕಡೆಯಿಂದ ಮಾತಾಡಬಹುದಾದ ವೈರ್‌ಲೆಸ್ಸು, ಹಡಗು ಹತ್ತಿರ ಬಂದಾಗ ಅದರಲ್ಲಿ ಕೂಗುತ್ತದೆ. ಅಲ್ಲಿಂದ ಯಾರೋ ಸೈಕಲ್ಲಿನಲ್ಲಿ ಮಸೀದಿಗೆ ಹೋದರು. ಮಸೀದಿಯ ಮೈಕಿನಲ್ಲಿ ಎರಡು ವಾಕ್ಯ ಬಂತು. ಹದಿನೈದು ನಿಮಿಷದಲ್ಲಿ ಊರೆಲ್ಲಾ ಜೆಟ್ಟಿಯಲ್ಲಿತ್ತು. ಇಡೀ ದ್ವೀಪದಲ್ಲಿ ಆ ವಾರ ನೂರಕ್ಕೆ ನೂರು ಕೆಲಸ ಮಾಡಿದ ಸುದ್ದಿ ವ್ಯವಸ್ಥೆ ಅಂದರೆ ಒಂದು ವಿಎಚ್‌ಎಫ್, ಒಂದು ಸೈಕಲ್, ಒಂದು ಮೈಕು. ಬ್ಯಾಟರಿ ಅದೇ ಹಡಗಿನಲ್ಲಿ ಬಂತು ಅನ್ನಿ.

ರೇಡಿಯೋಗೆ ಲಕ್ಷದ್ವೀಪ ಗೊತ್ತು, ಕಡ್ಮತ್ ಗೊತ್ತಿಲ್ಲ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲೇ ಆಕಾಶವಾಣಿ ಕೇಂದ್ರವಿದೆ. ನನ್ನ ಡಬ್ಬಿಯಲ್ಲಿ ಅದಕ್ಕಿಂತ ಧಾರವಾಡವೇ ಚೆನ್ನಾಗಿ ಕೇಳುತ್ತದೆ. ಇದು ಡಬ್ಬಿಯ ದೋಷವೋ, ನಾನಿರುವ ಜಾಗದ ದೋಷವೋ, ಅಂತೂ ನನಗೆ ಬೇಜಾರು. ಹತ್ತಿರದ ಸುದ್ದಿ ದೂರದಿಂದ, ಅದೂ ಇನ್ನೊಂದು ಭಾಷೆಯಲ್ಲಿ ಬರುವುದು ಯಾವ ನ್ಯಾಯ?

ಮೀನಿಗೆ ಹೋಗುವವರ ಕಥೆಯಂತೂ ಬೇರೆಯೇ. ದಡದಿಂದ 10–12 ಕಿಲೋಮೀಟರ್ ದಾಟಿದರೆ ಮೊಬೈಲ್ ಸತ್ತ ಹಾಗೆ. 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡಿನ ಎಷ್ಟೋ ದೋಣಿಗಳು ಆಗಲೇ ಆಳ ಸಮುದ್ರದಲ್ಲಿದ್ದವು. ಅವರಿಗೆ ಹೇಳುವ ದಾರಿ ಇರಲಿಲ್ಲ. ಅದೇ ಗಾಳಿ ಡಿಸೆಂಬರ್ ಮೊದಲ ಎರಡು ದಿನ ಮಿನಿಕಾಯ್, ಕಲ್ಪೇನಿ ಕಡೆ ನುಗ್ಗಿತು. ಆಮೇಲೆ 2019ರಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯವರು ಜೆಮಿನಿ ಅನ್ನುವ ಪುಟ್ಟ ಯಂತ್ರ ಹೊರತಂದರು. ಉಪಗ್ರಹದಿಂದ ಎಚ್ಚರಿಕೆ ಹಿಡಿದು ಬ್ಲೂಟೂತ್‌ನಲ್ಲಿ ಫೋನಿಗೆ ಕೊಡುತ್ತದೆ. ಮೀನು ಎಲ್ಲಿದೆ ಅಂತಲೂ ಹೇಳುತ್ತದೆ. ಆದರೆ ಅದು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ದೋಣಿಯಿಂದ 'ಎಂಜಿನ್ ನಿಂತಿದೆ, ಬನ್ನಿ' ಅನ್ನಲು ಬರುವುದಿಲ್ಲ. ನನ್ನ ಕೆಂಪು ಡಬ್ಬಿಯದ್ದೂ ಅದೇ ಕಥೆ, ಕಿವಿಗೆ ಮಾತ್ರ, ಬಾಯಿಲ್ಲ. ಕಡಲಿಗೆ ಹೋಗುವವರು ಇದನ್ನು ನಂಬಿ ಹೋಗಬೇಡಿ. ವಿಎಚ್‌ಎಫ್ ಸೆಟ್ ಬೇಕೇ ಬೇಕು.

ಬಾಯಿಲ್ಲ ಅಂದಾಗ ನೆನಪಾಯಿತು. ಟೊಂಗಾದಲ್ಲೇ ನಿಯುವಾಫೋವು ಅನ್ನುವ ಒಂಟಿ ದ್ವೀಪವಿದೆ. ಹಡಗು ನಿಲ್ಲಲು ಜಾಗವಿಲ್ಲ. ಹಾಗಾಗಿ ಹಿಂದೆ ಕಾಗದಗಳನ್ನು ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಮುಚ್ಚಿ ಹಡಗಿನಿಂದ ನೀರಿಗೆ ಎಸೆಯುತ್ತಿದ್ದರು, ದ್ವೀಪದವರು ಈಜಿ ಹೋಗಿ ತರುತ್ತಿದ್ದರು. 1931ರಲ್ಲಿ ಹಾಗೆ ಈಜಿದವನೊಬ್ಬ ಶಾರ್ಕಿಗೆ ಬಲಿಯಾದ ಮೇಲೆ ದೋಣಿ ಬಂತು. ಇಕ್ಕಾಗೆ ಇದನ್ನು ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, 'ಡಬ್ಬಿ ಸಿಕ್ಕಿತಾ?'

ಈಗ ದೂರುಗಳು. ಮೊದಲ ಶತ್ರು ಉಪ್ಪು. ಇಲ್ಲಿನ ಗಾಳಿ ಬಾಗಿಲ ಚಿಲಕವನ್ನೇ ತಿನ್ನುತ್ತದೆ, ಇದನ್ನು ಬಿಡುತ್ತದಾ? ಮೂರನೇ ತಿಂಗಳಿಗೆ ಏರಿಯಲ್ ಒಳಗೆ ಹೋಗದೆ ಅರ್ಧಕ್ಕೆ ನಿಂತಿತು. ಆರನೇ ತಿಂಗಳಿಗೆ ಸೆಲ್ ಹಾಕುವ ಜಾಗದ ಸ್ಪ್ರಿಂಗು ಹಸಿರಾಯಿತು. ಸ್ಕ್ರೂಗಳಂತೂ ಮುಟ್ಟಿದರೆ ಉದುರುತ್ತವೆ. ಹೊಸದರಲ್ಲೇ ಸ್ಪ್ರಿಂಗಿಗೆ, ಸ್ಕ್ರೂಗೆ ವ್ಯಾಸಲೀನ್ ಬಳಿಯಿರಿ. ರಾತ್ರಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಎಸೆಯದೆ ಜೊತೆಗೆ ಹಾಕಿ. ಕರಾವಳಿಯವರಿಗೆಲ್ಲಾ ಈ ಮಾತು ಅನ್ವಯಿಸುತ್ತದೆ, ಮಲ್ಪೆಯಲ್ಲೂ ಇದೇ ಪಾಡು.

ಎರಡನೇದು ಹ್ಯಾಂಡಲ್. ಒಳಗಿನ ಹಲ್ಲುಗಾಲಿ ಪ್ಲಾಸ್ಟಿಕ್. ಈ ವರ್ಷ ಜುಲೈನಲ್ಲಿ ಎರಡು ಹಲ್ಲು ಮುರಿದವು. ತಿರುಗಿಸಿದರೆ ಟಕ್ ಟಕ್ ಅಂತ ಜಾರುತ್ತದೆ. ಬಿಡಿಭಾಗಕ್ಕೆ ಕಂಪನಿಗೆ ಬರೆದೆ. 'ನಿಮ್ಮ ಪಿನ್‌ಕೋಡ್‌ಗೆ ಸೇವೆ ಲಭ್ಯವಿಲ್ಲ' ಅಂತ ಉತ್ತರ ಬಂತು. ಉತ್ತರ ಬಂದದ್ದೇ ದೊಡ್ಡದು ಬಿಡಿ. ಬಿಚ್ಚಿ ನೋಡಿದೆ. ಹಲ್ಲು ಅಂಟಿಸಿ, ಮೇಲೆ ತಾಮ್ರದ ತಂತಿ ಸುತ್ತಿ, ಹೇಗೋ ಓಡಿಸುತ್ತಿದ್ದೇನೆ. ಮೋಟಾರು ರಿಪೇರಿ ಬಾರದವರು ಏನು ಮಾಡಬೇಕು? ತುರ್ತಿಗೆ ಅಂತ ಮಾರುವ ವಸ್ತುವಿನಲ್ಲಿ ತುರ್ತಿಗೆ ಬೇಕಾದ ಭಾಗವನ್ನೇ ಅಗ್ಗ ಮಾಡಿದ್ದಾರೆ. ಎರಡು ನಕ್ಷತ್ರ ಕಳೆದದ್ದು ಇದೊಂದಕ್ಕೇ. ಟಾರ್ಚು ಮಾತ್ರ ಭಲೇ ಇದೆ. ಮೊದಲ ದಿನದ ಬೆಳಕೇ ಇವತ್ತೂ ಇದೆ.

ಯಾರು ಕೊಳ್ಳಬಹುದು? ಪೇಟೆಯಲ್ಲಿರುವವರಿಗೆ ಇದು ಆಟಿಕೆ. ಎರಡು ವಾರದಲ್ಲಿ ಅಟ್ಟಕ್ಕೆ ಹೋಗುತ್ತದೆ. ಘಟ್ಟದ ಒಳಗೆ, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟು ಇಲ್ಲದ ಒಂಟಿ ಮನೆಯವರು ತೆಗೆದುಕೊಳ್ಳಬಹುದು. ದ್ವೀಪಕ್ಕೆ ಕೆಲಸಕ್ಕೆ ಬರುವವರಾದರೆ ಖಂಡಿತ ತನ್ನಿ, ಆದರೆ ಇದೇ ಅಚ್ಚಿನದ್ದು ಬೇಡ. ಸಾಮಾನ್ಯ ಸೆಲ್ ಹಾಕುವ ಜಾಗ ಇರುವುದನ್ನೇ ನೋಡಿ, ಸೆಲ್ ಇಲ್ಲಿನ ಅಂಗಡಿಯಲ್ಲಿ ಸಿಗುತ್ತದೆ. ಶಾರ್ಟ್ ವೇವ್ ಇಲ್ಲದಿದ್ದರೂ ಪರವಾಗಿಲ್ಲ, ಮೀಡಿಯಂ ವೇವ್ ಚುರುಕಾಗಿರಲಿ. ಅಂಗಡಿಯಲ್ಲೇ ಹಾಕಿ ನೋಡಿ, ಸಂಜೆ ಏಳರ ಮೇಲೆ, ಟ್ಯೂಬ್‌ಲೈಟ್‌ನಿಂದ ದೂರ ನಿಂತು. ಅಂಗಡಿಯವನು ಬೈದರೆ ಬೈಯಲಿ.

ಮುದುಕಿಯ ಆಪರೇಷನ್ ಆಮೇಲೆ ಚೆನ್ನಾಗಿ ಆಯಿತು. ಈಗ ಅವರು ಸಂಜೆ ಜಗಲಿಯಲ್ಲಿ ಧಾರವಾಡ ಹಾಕಿಸಿಕೊಂಡು ಕೂರುತ್ತಾರೆ. ಒಂದಕ್ಷರ ಅರ್ಥವಾಗುವುದಿಲ್ಲ, ಹವಾಮಾನ ಬರುವವರೆಗೆ ಬಂದ್ ಮಾಡಲು ಮಾತ್ರ ಬಿಡುವುದಿಲ್ಲ. ಹಾಗಾಗಿ ನನಗೆ ಇನ್ನೊಂದು ಬೇಕಾಗಿದೆ. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇನೆ, ಪ್ರೋಗ್ರಾಂ ಸರಿಯಿದ್ದರೆ. ಹ್ಯಾಂಡಲಿನ ಹಲ್ಲುಗಾಲಿ ಲೋಹದ್ದು ಇರುವ ರೇಡಿಯೋ ಯಾರಾದರೂ ಬಳಸಿದ್ದರೆ ದಯವಿಟ್ಟು ತಿಳಿಸಿ. 3,000 ರೂಪಾಯಿ ಒಳಗೆ ಇರಲಿ.